ಇಪ್ಪತ್ತೈದು ವಾರದ ಬಾಕಿ: ಒಲಿವಿಯಾ ಡಿ ಹ್ಯಾವಿಲೆಂಡ್ ಮತ್ತು ವಾರ್ನರ್ ಬ್ರದರ್ಸ್ ಪ್ರಕರಣ

1943ರ ಮೇ 5. ಹಾಲಿವುಡ್ ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ಅವರಿಗೂ ವಾರ್ನರ್ ಬ್ರದರ್ಸ್ ಸಿನಿಮಾ ಸ್ಟುಡಿಯೋಗೂ ಇದ್ದ ಕರಾರಿಗೆ ಅವತ್ತು ಸರಿಯಾಗಿ ಏಳು ವರ್ಷ ತುಂಬಿತು. ಕರಾರು ಇದ್ದದ್ದೇ ಏಳು ವರ್ಷಕ್ಕೆ. ಹಾಗಿದ್ದ ಮೇಲೆ ಲೆಕ್ಕ ಚುಕ್ತಾ ಆದ ಹಾಗೆ, ಅಲ್ವಾ? ಸ್ಟುಡಿಯೋ ಒಪ್ಪಲಿಲ್ಲ. ಈ ಏಳು ವರ್ಷದಲ್ಲಿ ನಿಮ್ಮನ್ನು ಆಗಾಗ ಅಮಾನತು ಮಾಡಿದ್ದೆವು, ಆ ದಿನಗಳೆಲ್ಲ ಸೇರಿ ಸುಮಾರು 25 ವಾರ ಆಗುತ್ತದೆ, ಅಷ್ಟು ದಿನ ನೀವು ಇನ್ನೂ ನಮಗೆ ದುಡಿಯಬೇಕು ಅಂದಿತು.

25 ವಾರ ಅಂದರೆ ಆರು ತಿಂಗಳೂ ಪೂರ್ತಿ ಇಲ್ಲ. ಕೈಯಲ್ಲಿ ಹೆಸರಿತ್ತು, ವಯಸ್ಸು ಇನ್ನೂ 26. ಆ ಆರು ತಿಂಗಳು ಹಲ್ಲು ಕಚ್ಚಿಕೊಂಡು ಮುಗಿಸಿಬಿಟ್ಟಿದ್ದರೆ ಆಗುತ್ತಿರಲಿಲ್ಲವೇ ಅಂತ ಯಾರಿಗಾದರೂ ಅನಿಸುತ್ತದೆ. ನನಗೂ ಮೊದಲು ಹಾಗೇ ಅನಿಸಿತ್ತು. ಕರಾರಿನ ಒಳಗೆ ಏನಿತ್ತು ಅಂತ ತಿಳಿದ ಮೇಲೆ ಆ ಮಾತು ವಾಪಸ್ ತೆಗೆದುಕೊಂಡೆ. ಅವರು ಮುಗಿಸಿದ್ದರೂ ಅದು ಮುಗಿಯುತ್ತಿತ್ತು ಅನ್ನುವ ಖಾತ್ರಿ ಇರಲಿಲ್ಲ.

ಹಳೆಯ ಹಾಲಿವುಡ್ ಹೇಗೆ ನಡೆಯುತ್ತಿತ್ತು ಅನ್ನುವುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ನಮ್ಮ ಕಡೆ ನಿರ್ಮಾಪಕರು ನಟರ ಮನೆಗೆ ಹೋಗಿ ಕಾಲ್‌ಶೀಟ್ ಕೇಳುತ್ತಾರೆ. ಒಂದು ಸಿನಿಮಾಗೆ ಒಂದು ಮಾತುಕತೆ, ಒಂದು ಸಂಭಾವನೆ, ಮುಗಿದ ಮೇಲೆ ಅವರ ದಾರಿ ಅವರಿಗೆ. 1930ರ ದಶಕದ ಹಾಲಿವುಡ್‌ನಲ್ಲಿ ಹೀಗಿರಲಿಲ್ಲ. ಎಂಜಿಎಂ, ಪ್ಯಾರಾಮೌಂಟ್, ಫಾಕ್ಸ್, ಆರ್‌ಕೆಓ, ವಾರ್ನರ್ ಬ್ರದರ್ಸ್, ಈ ಐದು ದೊಡ್ಡ ಕಂಪನಿಗಳು ಸಿನಿಮಾ ತೆಗೆಯುತ್ತಿದ್ದವು, ತಾವೇ ಹಂಚುತ್ತಿದ್ದವು, ತಮ್ಮದೇ ಥಿಯೇಟರುಗಳಲ್ಲಿ ಓಡಿಸುತ್ತಿದ್ದವು. ಬಡಗಿ, ದರ್ಜಿ, ಕ್ಯಾಮೆರಾಮನ್, ಬರಹಗಾರ ಹೇಗೋ ಹಾಗೇ ನಟರೂ ವಾರದ ಸಂಬಳಕ್ಕೆ ಇದ್ದವರು. ಯಾವ ಪಾತ್ರ, ಯಾವ ನಿರ್ದೇಶಕ, ಯಾವಾಗ ಶೂಟಿಂಗ್, ಎಲ್ಲ ಕಂಪನಿಯೇ ಹೇಳುತ್ತಿತ್ತು.

ಕರಾರಿನ ಹೊರಗಡೆ 'ಏಳು ವರ್ಷ' ಅಂತಿದ್ದರೂ ಒಳಗೆ ಅದು ತುಂಡು ತುಂಡಾಗಿರುತ್ತಿತ್ತು. ಪ್ರತಿ ತುಂಡು ಮುಗಿದಾಗಲೂ ಮುಂದುವರಿಸಬೇಕೋ ಬೇಡವೋ ಅಂತ ಸ್ಟುಡಿಯೋ ತೀರ್ಮಾನಿಸುತ್ತಿತ್ತು. ಬೇಡ ಅಂದರೆ ನಟ ಮನೆಗೆ. ಬೇಕು ಅಂದರೆ ಒಂದಿಷ್ಟು ಸಂಬಳ ಜಾಸ್ತಿ. ಆದರೆ ನಟ ತಾನಾಗಿ ಬಿಟ್ಟು ಹೋಗುವ ಹಾಗಿರಲಿಲ್ಲ. ಬಾಗಿಲು ಒಂದೇ ಕಡೆಯಿಂದ ತೆರೆಯುತ್ತಿತ್ತು.

ಇನ್ನು ಅಮಾನತಿನ ವಿಷಯ. ಈ ಪ್ರಕರಣದ ತಿರುಳೇ ಅದು. ಸ್ಟುಡಿಯೋ ಒಂದು ಪಾತ್ರ ಕೊಡುತ್ತದೆ, ನಟಿ ಬೇಡ ಅನ್ನುತ್ತಾರೆ. ತಕ್ಷಣ ಸಂಬಳ ನಿಲ್ಲುತ್ತದೆ. ಬೇರೆ ಕಡೆ ದುಡಿಯುವ ಹಾಗೂ ಇಲ್ಲ, ಯಾಕೆಂದರೆ ಕರಾರು ಇನ್ನೂ ಇದೆ. ಅದೇ ಪಾತ್ರವನ್ನು ಇನ್ನೊಬ್ಬರು ಮಾಡಿ ಮುಗಿಸುವವರೆಗೂ ಇವರನ್ನು ಹೊರಗೆ ಇಡಬಹುದು. ಇಷ್ಟಕ್ಕೇ ನಿಂತಿದ್ದರೆ ಕೆಲಸ ಇಲ್ಲ, ಕೂಲಿ ಇಲ್ಲ ಅಂತ ಸುಮ್ನೆ ಇರಬಹುದಿತ್ತು. ಆದರೆ ಹಾಗೆ ಹೊರಗಿದ್ದ ಅಷ್ಟೂ ದಿನವನ್ನು ಕರಾರಿನ ಕೊನೆಗೆ ತಂದು ಜೋಡಿಸುವ ಹಕ್ಕನ್ನೂ ಸ್ಟುಡಿಯೋ ಬರೆಸಿಕೊಂಡಿತ್ತು.

ಇದನ್ನು ಒಂದು ಸಲ ಕೂತು ಲೆಕ್ಕ ಹಾಕಿ ನೋಡಿ. ಹತ್ತು ವಾರದ ಒಂದು ಪಾತ್ರ ಬೇಡ ಅಂದಿರಿ ಅನ್ನಿ. ಹತ್ತು ವಾರದ ಸಂಬಳ ಹೋಯಿತು, ಕರಾರು ಹತ್ತು ವಾರ ಬೆಳೆಯಿತು. ಆ ಬೆಳೆದ ಹತ್ತು ವಾರದಲ್ಲಿ ಇನ್ನೊಂದು ಕೆಟ್ಟ ಪಾತ್ರ ಬಂತು, ಅದನ್ನೂ ಬೇಡ ಅಂದಿರಿ, ಮತ್ತೆ ಹತ್ತು ವಾರ. ಒಪ್ಪಿಕೊಂಡರೆ ಕೆಟ್ಟ ಸಿನಿಮಾ, ಒಪ್ಪದಿದ್ದರೆ ಕೊನೆಯೇ ಕಾಣದ ಕರಾರು. ಸಾಲ ತೀರಿಸುತ್ತಾ ಹೋದ ಹಾಗೆ ಬಡ್ಡಿ ಸೇರಿ ಮತ್ತೆ ಅಷ್ಟೇ ಉಳಿಯುವ ಜೀತದ ಲೆಕ್ಕ ನಮ್ಮ ಊರುಗಳಿಗೆ ಗೊತ್ತಿಲ್ಲದ್ದೇನಲ್ಲ. ಹಣದ ವಿಷಯದಲ್ಲಿ ಇದನ್ನು ಜೀತ ಅನ್ನುವುದು ತಪ್ಪಾಗುತ್ತದೆ. 1936ರ ಕರಾರಿನಲ್ಲಿ ಒಲಿವಿಯಾ ಅವರ ಸಂಬಳ ವಾರಕ್ಕೆ 500 ಡಾಲರಿನಿಂದ ಶುರುವಾಯಿತು, ಆ ಕಾಲಕ್ಕೆ ಅದು ಬಹಳ ದೊಡ್ಡ ಮೊತ್ತ. ಆದರೆ ದಿನಗಳ ಲೆಕ್ಕ ಇಡುವ ರೀತಿ ಮಾತ್ರ ಜೀತದ್ದೇ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಆ ಏಳು ವರ್ಷ ಅವರು ಏನು ಮಾಡಿದರು?

ಹುಟ್ಟಿದ್ದು 1916ರಲ್ಲಿ, ಟೋಕಿಯೋದಲ್ಲಿ, ಬ್ರಿಟಿಷ್ ತಂದೆತಾಯಿಗೆ. ಬೆಳೆದದ್ದು ಕ್ಯಾಲಿಫೋರ್ನಿಯಾದ ಸಾರಟೋಗಾದಲ್ಲಿ. ಓದಿ ಟೀಚರ್ ಆಗಬೇಕು ಅಂತಿದ್ದ ಹುಡುಗಿ. 1934ರಲ್ಲಿ ಮ್ಯಾಕ್ಸ್ ರೈನ್‌ಹಾರ್ಟ್ ಹಾಲಿವುಡ್ ಬೌಲ್‌ನಲ್ಲಿ ಮಾಡಿಸಿದ ಷೇಕ್ಸ್‌ಪಿಯರ್ ನಾಟಕದಲ್ಲಿ ಹರ್ಮಿಯಾ ಪಾತ್ರ ಸಿಕ್ಕಿತು. ಅದೇ ನಾಟಕವನ್ನು ವಾರ್ನರ್ ಬ್ರದರ್ಸ್ ಸಿನಿಮಾ ಮಾಡಿದಾಗ ಇವರೂ ಅದರ ಜೊತೆ ಸ್ಟುಡಿಯೋ ಒಳಗೆ ಬಂದರು. 1935ರಲ್ಲಿ 'ಕ್ಯಾಪ್ಟನ್ ಬ್ಲಡ್' ಬಂತು, ಎರಾಲ್ ಫ್ಲಿನ್ ಜೊತೆ. ಇವರಿಗೆ ಆಗ 19. ಸಿನಿಮಾ ಗೆದ್ದಿತು, ಜೋಡಿ ಗೆದ್ದಿತು, ಒಟ್ಟು ಎಂಟು ಸಿನಿಮಾ ಇಬ್ಬರೂ ಸೇರಿ ಮಾಡಿದರು.

ನಾನು ಅವರನ್ನು ಮೊದಲು ನೋಡಿದ್ದು 1938ರ 'ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್'ನಲ್ಲಿ. ಬಣ್ಣ ಬಣ್ಣದ ರೇಷ್ಮೆ ಉಡುಪು, ದೊಡ್ಡ ಕಣ್ಣು, ಮೆಲ್ಲಗೆ ಮಾತು. ಚೆಂದ ಕಾಣುತ್ತಾರೆ, ಸಿನಿಮಾವೂ ಈಗಲೂ ಸೊಗಸಾಗಿದೆ. ಆದರೆ ಕತ್ತಿ ಹಿಡಿಯುವವನು ಅವನು, ಗೋಡೆ ಹತ್ತುವವನು ಅವನು, ನಗಿಸುವವನೂ ಅವನೇ. ಇವರ ಪಾಲಿಗೆ ಬಂದದ್ದು ಕಾಯುವ ಕೆಲಸ. ಇಂಥ ಒಂದು ಪಾತ್ರ ಸಂತೋಷ ಕೊಡಬಹುದು. ಅದೇ ಪಾತ್ರ ಬೇರೆ ಬೇರೆ ಉಡುಪಿನಲ್ಲಿ ಮತ್ತೆ ಮತ್ತೆ ಬಂದರೆ ನಟನೆ ಕಲಿತವರಿಗೆ ಉಸಿರು ಕಟ್ಟುತ್ತದೆ.

'ಗಾನ್ ವಿತ್ ದ ವಿಂಡ್' ಚಿತ್ರದ ಮೆಲನಿ ಪಾತ್ರ ಸಿಕ್ಕಿದ ಕಥೆ ಇಲ್ಲಿ ಮುಖ್ಯ. ಅದು ವಾರ್ನರ್ ಚಿತ್ರ ಅಲ್ಲ, ಡೇವಿಡ್ ಸೆಲ್ಜ್‌ನಿಕ್ ನಿರ್ಮಾಣ. ಅದರಲ್ಲಿ ಮಾಡಬೇಕಾದರೆ ವಾರ್ನರ್ ಸ್ಟುಡಿಯೋದ ಯಜಮಾನ ಜ್ಯಾಕ್ ವಾರ್ನರ್ ಇವರನ್ನು ಎರವಲು ಕೊಡಬೇಕು. ಅವರು ಆಗಲ್ಲ ಅಂದರು. ಆಗ ಒಲಿವಿಯಾ ವಾರ್ನರ್ ಅವರ ಹೆಂಡತಿ ಆನ್ ಅವರನ್ನು ಚಹಾಕ್ಕೆ ಕರೆದು, ಈ ಪಾತ್ರ ನನಗೆ ಎಷ್ಟು ದೊಡ್ಡದು ಅಂತ ಎದುರಿಗೆ ಕೂತು ಹೇಳಿಕೊಂಡರು. ಆನ್ ಒಪ್ಪಿ ಗಂಡನ ಮನಸ್ಸು ತಿರುಗಿಸಿದರು. ಯೋಚಿಸಿ ನೋಡಿ, ಇಪ್ಪತ್ತೆರಡು ವರ್ಷದ ಹೆಸರುವಾಸಿ ನಟಿ ತನಗೆ ತಕ್ಕ ಕೆಲಸ ಮಾಡಲು ಯಜಮಾನರ ಮನೆಯವರ ಹತ್ತಿರ ಹೋಗಿ ಕೇಳಬೇಕಾಯಿತು.

ಆ ಪಾತ್ರಕ್ಕೆ ಪೋಷಕ ನಟಿ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನ ಬಂತು. 1941ರಲ್ಲಿ ಪ್ಯಾರಾಮೌಂಟ್‌ನ 'ಹೋಲ್ಡ್ ಬ್ಯಾಕ್ ದ ಡಾನ್' ಚಿತ್ರಕ್ಕೆ ಮತ್ತೆ ಎರವಲು ಹೋದರು, ಈ ಸಲ ಅತ್ಯುತ್ತಮ ನಟಿ ನಾಮನಿರ್ದೇಶನ. ಪ್ರಶಸ್ತಿ ಹೋದದ್ದು ಸ್ವಂತ ತಂಗಿ ಜೋನ್ ಫಾಂಟೇನ್ ಅವರಿಗೆ, ಅದು ಬೇರೆ ಕಥೆ. ನಾನು ಹೇಳಬೇಕಾದ್ದು ಇಷ್ಟು: ಎರಡು ನಾಮನಿರ್ದೇಶನವೂ ಬೇರೆಯವರ ಚಿತ್ರಕ್ಕೆ ಬಂದವು. ಮನೆಯಲ್ಲಿ ಇದ್ದದ್ದರ ಬೆಲೆ ನೆರೆಯವರಿಗೆ ಗೊತ್ತಾಗಿತ್ತು, ಮನೆಯವರಿಗೆ ಗೊತ್ತಾಗಿರಲಿಲ್ಲ. ಎರವಲು ಹೋಗಿ ಬಂದ ಮೇಲೆ ವಾರ್ನರ್ ಸ್ಟುಡಿಯೋದಲ್ಲಿ ಮತ್ತೆ ಅದೇ ಹಗುರ ಪಾತ್ರಗಳು. ಅವರು ಬೇಡ ಅನ್ನತೊಡಗಿದರು. ಅಮಾನತುಗಳು ಸಾಲಾಗಿ ಬಂದವು.

ಇವರಿಗಿಂತ ಮೊದಲು ಯಾರೂ ಎದುರಿಗೆ ನಿಂತಿರಲಿಲ್ಲ ಅಂತಲ್ಲ. ಇದೇ ವಾರ್ನರ್ ಬ್ರದರ್ಸ್‌ನ ಬೆಟಿ ಡೇವಿಸ್ 1936ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿ ಸಿನಿಮಾ ಮಾಡಲು ಹೊರಟಾಗ ಸ್ಟುಡಿಯೋ ಲಂಡನ್ ಕೋರ್ಟಿಗೆ ಹೋಯಿತು. ಕರಾರು ಕರಾರೇ ಅಂತ ಕೋರ್ಟು ಅವರನ್ನು ತಡೆಯಿತು. ಅವರು ಸೋತು ವಾಪಸ್ ಬಂದರು. ನಿಜ ಹೇಳಬೇಕಂದರೆ ಆಮೇಲೆ ಅವರಿಗೆ ಒಳ್ಳೆಯ ಪಾತ್ರಗಳೇ ಸಿಕ್ಕವು. ಆದರೆ ಸಿಕ್ಕಿದ್ದು ಸ್ಟುಡಿಯೋ ಮನಸ್ಸು ಮಾಡಿದ್ದರಿಂದ, ಹಕ್ಕಿನಿಂದ ಅಲ್ಲ. ಹಾಲಿವುಡ್‌ನ ಉಳಿದವರಿಗೆ ಆ ಸೋಲು ಚೆನ್ನಾಗಿ ನೆನಪಿತ್ತು.

ಒಲಿವಿಯಾ ಅವರ ವಕೀಲರು ಮಾರ್ಟಿನ್ ಗ್ಯಾಂಗ್. ಅವರು ಪಾತ್ರ ಒಳ್ಳೆಯದೋ ಕೆಟ್ಟದ್ದೋ, ಸ್ಟುಡಿಯೋ ಕ್ರೂರವೋ ಅಲ್ಲವೋ ಅನ್ನುವ ವಾದಕ್ಕೆ ಭಾರ ಹಾಕಲಿಲ್ಲ. ಹಿಡಿದದ್ದು ಕ್ಯಾಲಿಫೋರ್ನಿಯಾ ಕಾರ್ಮಿಕ ಕಾನೂನಿನ ಒಂದು ಪುಟ್ಟ ಕಲಮನ್ನು, 2855ನೇದು. ಒಬ್ಬ ವ್ಯಕ್ತಿ ಸ್ವತಃ ದುಡಿಯುವ ಕರಾರನ್ನು, ಕೆಲಸ ಶುರುವಾದ ದಿನದಿಂದ ಏಳು ವರ್ಷದ ಆಚೆಗೆ ಆ ವ್ಯಕ್ತಿಯ ಮೇಲೆ ಜಾರಿ ಮಾಡುವ ಹಾಗಿಲ್ಲ ಅನ್ನುತ್ತದೆ ಅದು. ಈ ಕಾನೂನು ಸಿನಿಮಾದವರಿಗಾಗಿ ಹುಟ್ಟಿದ್ದಲ್ಲ. 1872ರಲ್ಲೇ ಇತ್ತು, ಆಗ ಮಿತಿ ಎರಡೇ ವರ್ಷ. 1919ರಲ್ಲಿ ಐದು ಮಾಡಿದರು, 1931ರಲ್ಲಿ ಏಳು. ಬೆಳೆಯುತ್ತಲೇ ಹೋಗಿತ್ತು, ಆದರೂ ಒಂದು ಗೆರೆ ಅಂತೂ ಉಳಿದಿತ್ತು.

1943ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನ ಸುಪೀರಿಯರ್ ಕೋರ್ಟಿನಲ್ಲಿ ದಾವೆ ಹೂಡಿದರು. ಕೇಳಿದ್ದು ಒಂದೇ ಪ್ರಶ್ನೆ. 'ಏಳು ವರ್ಷ' ಅಂದರೆ ಗೋಡೆಯ ಮೇಲಿನ ಕ್ಯಾಲೆಂಡರಿನ ಏಳು ವರ್ಷವೋ, ಇಲ್ಲಾ ನಿಜವಾಗಿ ಕೆಲಸ ಮಾಡಿದ ದಿನಗಳನ್ನು ಕೂಡಿಸಿ ಬರುವ ಏಳು ವರ್ಷವೋ?

ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಇನ್ನೊಂದು ಲೆಕ್ಕ ಹಾಕೋಣ. ಆಗಿನ ಕರಾರುಗಳಲ್ಲಿ ವರ್ಷದ 52 ವಾರದಲ್ಲಿ ಸಂಬಳದ ಖಾತ್ರಿ ಇರುತ್ತಿದ್ದದ್ದು ಸಾಮಾನ್ಯವಾಗಿ 40 ವಾರಕ್ಕೆ, ಉಳಿದ 12 ವಾರ ಕೆಲಸವಿಲ್ಲದ ಬಿಡುವು. ಕೆಲಸ ಮಾಡಿದ ವಾರಗಳನ್ನೇ ಎಣಿಸಬೇಕು ಅಂತಾದರೆ ಏಳು ವರ್ಷದ 364 ವಾರ ತುಂಬಲು ಒಂಬತ್ತು ವರ್ಷ ದಾಟುತ್ತದೆ, ಅದೂ ಒಂದೇ ಒಂದು ಪಾತ್ರ ಬೇಡ ಅನ್ನದವರಿಗೆ. ಅಮಾನತು ಸೇರಿಸಿದರೆ ಹತ್ತೋ ಹನ್ನೆರಡೋ. ನಾಯಕಿಯ ಪಾತ್ರಕ್ಕೆ ಮೂವತ್ತೈದು ದಾಟಿದರೆ ವಯಸ್ಸಾಯ್ತು ಅನ್ನುತ್ತಿದ್ದ ಊರಲ್ಲಿ ಹನ್ನೆರಡು ವರ್ಷ ಅಂದರೆ ಒಬ್ಬ ನಟಿಯ ಪೂರ್ತಿ ಬಾಳ್ವೆ.

ಸುಪೀರಿಯರ್ ಕೋರ್ಟು ಒಲಿವಿಯಾ ಪರ ತೀರ್ಪು ಕೊಟ್ಟಿತು. ಸ್ಟುಡಿಯೋ ಮೇಲ್ಮನವಿ ಹಾಕಿತು.

ನನ್ನ ಮಟ್ಟಿಗೆ ಈ ಕಥೆಯ ಕಷ್ಟದ ಭಾಗ ಇದು. ಗೆದ್ದಿದ್ದಾರೆ, ಆದರೂ ಕೆಲಸ ಇಲ್ಲ. ಇವರು ಇನ್ನೂ ನಮ್ಮ ಕರಾರಿನಲ್ಲಿದ್ದಾರೆ, ಯಾರೂ ಕೆಲಸ ಕೊಡಬೇಡಿ ಅಂತ ಜ್ಯಾಕ್ ವಾರ್ನರ್ ನೂರಕ್ಕೂ ಹೆಚ್ಚು ಕಂಪನಿಗಳಿಗೆ ಪತ್ರ ಕಳಿಸಿದರು. ಯಾರೂ ಕೊಡಲಿಲ್ಲ. ಹತ್ತಿರ ಹತ್ತಿರ ಎರಡು ವರ್ಷ ಅವರು ಯಾವ ಸ್ಟುಡಿಯೋದಲ್ಲೂ ಕ್ಯಾಮೆರಾ ಮುಂದೆ ನಿಲ್ಲಲಿಲ್ಲ. ಮುಂಚೆ ಮುಗಿಸಿಕೊಟ್ಟಿದ್ದ 'ಡಿವೋಷನ್' ಅನ್ನುವ ಚಿತ್ರ, ಅದರಲ್ಲಿ ಅವರದು ಬರಹಗಾರ್ತಿ ಶಾರ್ಲಟ್ ಬ್ರಾಂಟಿ ಪಾತ್ರ, 1946ರವರೆಗೂ ಬಿಡುಗಡೆ ಆಗಲಿಲ್ಲ. ಸಿನಿಮಾ ನಟಿಗೆ ತೆರೆಯ ಮೇಲೆ ಕಾಣದೇ ಇರುವುದು ಎಷ್ಟು ದೊಡ್ಡ ನಷ್ಟ ಅಂತ ಬಿಡಿಸಿ ಹೇಳಬೇಕಿಲ್ಲ. ಕೋರ್ಟಿನ ಖರ್ಚೇ ಸುಮಾರು 13,000 ಡಾಲರ್ ಆಯಿತು ಅಂತ ಹೇಳುತ್ತಾರೆ. 25 ವಾರ ತಪ್ಪಿಸಿಕೊಳ್ಳಲು ಅದರ ಮೂರ್ನಾಲ್ಕು ಪಟ್ಟು ಕಾಲ ಕಳೆದುಕೊಂಡರು. ಬರೀ ಲಾಭ ನಷ್ಟ ನೋಡುವವರು ಯಾರೂ ಈ ದಾರಿ ಹಿಡಿಯುತ್ತಿರಲಿಲ್ಲ.

ಆ ಕಾಲ ಯುದ್ಧದ ಕಾಲ. ಅವರು ಸೈನಿಕರ ಆಸ್ಪತ್ರೆಗಳಿಗೆ ಹೋಗತೊಡಗಿದರು. ಅಲಾಸ್ಕಾ ಕಡೆಯ ಅಲ್ಯೂಷಿಯನ್ ದ್ವೀಪಗಳು, ಆಮೇಲೆ ದಕ್ಷಿಣ ಪೆಸಿಫಿಕ್. ಗಾಯಗೊಂಡವರ ಮಂಚದ ಪಕ್ಕ ಕೂತು ಮಾತಾಡಿಸುವ ಕೆಲಸ. ಫಿಜಿಯಲ್ಲಿ ನ್ಯುಮೋನಿಯಾ ಬಂದು ತಾವೇ ಆಸ್ಪತ್ರೆ ಸೇರಿದರು.

ಮೇಲ್ಮನವಿಯ ತೀರ್ಪು ಬಂದದ್ದು 1944ರ ಡಿಸೆಂಬರ್ 8ಕ್ಕೆ. ಬರೆದವರು ನ್ಯಾಯಮೂರ್ತಿ ಶಿನ್. ಏಳು ವರ್ಷ ಅಂದರೆ ಕ್ಯಾಲೆಂಡರಿನ ಏಳು ವರ್ಷ, ಕೆಲಸ ಶುರುವಾದ ದಿನದಿಂದ ಎಣಿಸಬೇಕು, ಮಧ್ಯದಲ್ಲಿ ಅಮಾನತು ಆಗಿರಲಿ ಬಿಡಲಿ. ಸ್ಟುಡಿಯೋಗೆ ಇನ್ನೊಂದು ವಾದ ಇತ್ತು: ಇವರು ತಾವೇ ಸಹಿ ಹಾಕಿದ್ದಾರೆ, ದಿನ ಸೇರಿಸುವ ಷರತ್ತಿಗೆ ತಾವೇ ಒಪ್ಪಿದ್ದಾರೆ, ಈಗ ಕಾನೂನಿನ ರಕ್ಷಣೆ ಕೇಳುವುದು ಹೇಗೆ? ಕೋರ್ಟು ಅದನ್ನೂ ತಳ್ಳಿಹಾಕಿತು. ಇದು ದುಡಿಯುವವರ ರಕ್ಷಣೆಗೆ, ಜನರ ಒಳಿತಿಗೆ ಮಾಡಿದ ಕಾನೂನು, ಇಬ್ಬರು ಖಾಸಗಿಯಾಗಿ ಕಾಗದ ಬರೆದುಕೊಂಡು ಇದನ್ನು ಬದಿಗೆ ಸರಿಸಲು ಆಗುವುದಿಲ್ಲ ಅಂದಿತು. ನಮ್ಮಲ್ಲೂ ಕನಿಷ್ಠ ಕೂಲಿಯ ವಿಷಯ ಹೀಗೇ ತಾನೇ? ಕಡಿಮೆ ಸಂಬಳಕ್ಕೆ ನಾನೇ ಒಪ್ಪಿದ್ದೇನೆ ಅಂತ ಆಳಿನ ಕೈಲಿ ಬರೆಸಿಕೊಂಡರೂ ಆ ಕಾಗದ ನಿಲ್ಲುವುದಿಲ್ಲ.

ತೀರ್ಪಿನಲ್ಲಿ ನನಗೆ ಬಹಳ ಹಿಡಿಸಿದ ಮಾತೊಂದಿದೆ. ಅನುಭವ ಮತ್ತು ಕಸುಬು ಬೆಳೆದ ಹಾಗೆ ಮನುಷ್ಯನಿಗೆ ಮೇಲೇರುವ ಅವಕಾಶ ಇರಬೇಕು, ತನ್ನ ಕೈಚಳಕವನ್ನು ಒಳ್ಳೆಯ ರೀತಿಯಲ್ಲಿ ಬಳಸಿ ಸಿಗಬಹುದಾದ ಒಳ್ಳೆಯ ಸಂಬಳ ಪಡೆಯುವಂತಿರಬೇಕು ಅನ್ನುವ ಅರ್ಥದ ಮಾತು. ಇದನ್ನು ಓದುವಾಗ ನಟಿ, ತಾರೆ, ಹೆಸರು, ಎಲ್ಲ ಮರೆತು ಹೋಗುತ್ತದೆ. ಗ್ಯಾರೇಜಿನ ಮೆಕ್ಯಾನಿಕ್‌ಗೂ ಇದೇ ಮಾತು ಸಲ್ಲುತ್ತದೆ.

1945ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಸ್ಟುಡಿಯೋದ ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ಅಲ್ಲಿಗೆ ಮುಗಿಯಿತು.

ಬಿಡುಗಡೆ ಆದ ಮೇಲೆ ಅವರು ಮಾಡಿದ ಕೆಲಸ ನೋಡಿದರೆ ಈ ಜಗಳ ಯಾಕೆ ಬೇಕಿತ್ತು ಅಂತ ಗೊತ್ತಾಗುತ್ತದೆ. ಪ್ಯಾರಾಮೌಂಟ್‌ಗೆ ಮಿಚೆಲ್ ಲೈಸನ್ ನಿರ್ದೇಶಿಸಿದ 'ಟು ಈಚ್ ಹಿಸ್ ಓನ್' 1946ರಲ್ಲಿ ಬಂತು. ಮದುವೆಯಾಗದೆ ತಾಯಿಯಾದ ಹಳ್ಳಿ ಹುಡುಗಿ, ಮಗುವನ್ನು ಬೇರೆಯವರ ಮನೆಯಲ್ಲಿ ಬೆಳೆಯಲು ಬಿಟ್ಟು ದೂರದಿಂದ ನೋಡುತ್ತಾ ನಡುವಯಸ್ಸಿಗೆ ಬರುವ ಕಥೆ. ಚಿಗುರಿನಂಥ ಹುಡುಗಿಯಿಂದ ಬಿಗಿದ ತುಟಿಯ ವ್ಯಾಪಾರಸ್ಥ ಹೆಂಗಸಿನವರೆಗೆ ಅವರು ನಡಿಗೆ, ದನಿ, ಕುತ್ತಿಗೆಯ ನಿಲುವು ಎಲ್ಲವನ್ನೂ ಬದಲಾಯಿಸಿಕೊಂಡು ಹೋಗುತ್ತಾರೆ. ಅದಕ್ಕೆ ಮೊದಲ ಆಸ್ಕರ್. 1948ರ 'ದ ಸ್ನೇಕ್ ಪಿಟ್' ಫಾಕ್ಸ್ ಚಿತ್ರ, ಮಾನಸಿಕ ಆಸ್ಪತ್ರೆಯೊಳಗಿನ ಹೆಂಗಸು, ಮತ್ತೆ ನಾಮನಿರ್ದೇಶನ.

ಆಮೇಲೆ 1949ರ 'ದಿ ಏರೆಸ್'. ಇದರ ನಾಟಕ ನೋಡಿ, ಇದನ್ನು ಸಿನಿಮಾ ಮಾಡೋಣ ಅಂತ ನಿರ್ದೇಶಕ ವಿಲಿಯಂ ವೈಲರ್ ಅವರ ಹತ್ತಿರ ಹೋದದ್ದು ಒಲಿವಿಯಾ ಅವರೇ. ಕೊಟ್ಟ ಪಾತ್ರ ಬೇಡ ಅಂದು ಸಂಬಳ ಕಳೆದುಕೊಳ್ಳುತ್ತಿದ್ದವರು ಈಗ ತಮಗೆ ಬೇಕಾದ ಪಾತ್ರವನ್ನು ತಾವೇ ಹುಡುಕಿ ತಂದರು. ಹಳೆಯ ನ್ಯೂಯಾರ್ಕಿನ ಶ್ರೀಮಂತ ಡಾಕ್ಟರ ಮಗಳು ಕ್ಯಾಥರೀನ್, ಹೆದರುಪುಕ್ಕಲಿ, ಅಪ್ಪನಿಗೆ ತಾತ್ಸಾರ. ಪ್ರೀತಿಸಿದವನ ಜೊತೆ ಓಡಿಹೋಗಲು ರಾತ್ರಿ ಬ್ಯಾಗು ಕಟ್ಟಿಕೊಂಡು ಕಾಯುತ್ತಾಳೆ. ಬೀದಿಯಲ್ಲಿ ಗಾಡಿಯ ಸದ್ದಾದಾಗ ಎದ್ದು ಓಡುತ್ತಾಳೆ, ಅದು ನಿಲ್ಲದೆ ಹೋಗುತ್ತದೆ. ಅವನು ಬರುವುದೇ ಇಲ್ಲ. ಕೊನೆಗೆ ಆ ಬ್ಯಾಗು ಹೊತ್ತುಕೊಂಡು ಮಹಡಿ ಮೆಟ್ಟಿಲು ಹತ್ತುತ್ತಾಳೆ, ಒಂದೊಂದು ಮೆಟ್ಟಿಲಿಗೂ ಮೈ ಭಾರ ಎಳೆದ ಹಾಗೆ. ವರ್ಷಗಳಾದ ಮೇಲೆ ಅವನು ವಾಪಸ್ ಬಂದು ಬಾಗಿಲು ಬಡಿಯುವಾಗ ಅದೇ ಮೆಟ್ಟಿಲನ್ನು ದೀಪ ಹಿಡಿದು ಹತ್ತುತ್ತಾಳೆ, ಬೆನ್ನು ನೆಟ್ಟಗೆ, ತಿರುಗಿ ನೋಡದೆ. ಎರಡು ಸಲ ಮೆಟ್ಟಿಲು ಹತ್ತುವುದರಲ್ಲೇ ಇಡೀ ಹೆಂಗಸು ಬದಲಾದದ್ದು ಕಾಣುತ್ತದೆ. ಎರಡನೇ ಆಸ್ಕರ್ ಇದಕ್ಕೆ. ಅವರಿಗೆ ಒಟ್ಟು ಬಂದದ್ದು ಐದು ನಾಮನಿರ್ದೇಶನ. ಅದರಲ್ಲಿ ವಾರ್ನರ್ ಬ್ರದರ್ಸ್ ತೆಗೆದ ಚಿತ್ರ ಒಂದೂ ಇಲ್ಲ.

ಈ ತೀರ್ಪೇ ಸ್ಟುಡಿಯೋ ಕಾಲವನ್ನು ಮುಗಿಸಿತು ಅಂತ ಕೆಲವರು ಬರೆಯುತ್ತಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. 1948ರ ಪ್ಯಾರಾಮೌಂಟ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಸ್ಟುಡಿಯೋಗಳ ವಿರುದ್ಧ ನಿಂತ ಮೇಲೆ ಅವು ಥಿಯೇಟರುಗಳನ್ನು ಕೈಬಿಡಬೇಕಾಯಿತು, ಅದರ ಹೊಡೆತ ಇದಕ್ಕಿಂತ ದೊಡ್ಡದು. ಟಿವಿಯೂ ಬಂತು. ಏಳು ವರ್ಷದ ಕರಾರುಗಳು 1944ರ ಮರುದಿನವೇ ಮಾಯ ಆಗಲಿಲ್ಲ, 1950ರ ದಶಕದಲ್ಲೂ ಬರೆಸಿಕೊಳ್ಳುತ್ತಿದ್ದರು. ಬದಲಾದದ್ದು ಅಮಾನತಿನ ಹಲ್ಲು. ಸಂಬಳ ನಿಲ್ಲಿಸಬಹುದು, ಆದರೆ ಕೊನೆಯ ದಿನವನ್ನು ಮುಂದಕ್ಕೆ ತಳ್ಳುವ ಹಾಗಿಲ್ಲ. ಯುದ್ಧಕ್ಕೆ ಹೋಗಿ ಬಂದ ನಟರಿಗೂ ಇದರಿಂದ ನೆರವಾಯಿತು, ಸೈನ್ಯದಲ್ಲಿ ಕಳೆದ ವರ್ಷಗಳನ್ನು ಬಾಕಿ ಅಂತ ಕರಾರಿಗೆ ಸೇರಿಸುವ ದಾರಿ ಮುಚ್ಚಿತು. ಜೇಮ್ಸ್ ಸ್ಟೀವರ್ಟ್ ಯುದ್ಧದಿಂದ ಬಂದ ಮೇಲೆ ಎಂಜಿಎಂಗೆ ಮರಳದೆ ಸ್ವತಂತ್ರವಾಗಿ ಸಿನಿಮಾ ಒಪ್ಪಿಕೊಳ್ಳತೊಡಗಿದರು, 1950ರ 'ವಿಂಚೆಸ್ಟರ್ 73' ಹೊತ್ತಿಗೆ ಸಂಬಳದ ಬದಲು ಲಾಭದಲ್ಲಿ ಪಾಲು ಕೇಳುವ ಮಟ್ಟಕ್ಕೆ ಬಂದಿದ್ದರು.

ಒಲಿವಿಯಾ 2020ರ ಜುಲೈನಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು, 104 ವರ್ಷಕ್ಕೆ. 2855ನೇ ಕಲಮು ಇಂದಿಗೂ ಇದೆ, ಮನರಂಜನೆ ಕ್ಷೇತ್ರದ ವಕೀಲರು ಅದನ್ನು ಡಿ ಹ್ಯಾವಿಲೆಂಡ್ ಕಾನೂನು ಅಂತಲೇ ಕರೆಯುತ್ತಾರೆ. ಆದರೆ 1987ರಲ್ಲಿ ಅದಕ್ಕೊಂದು ತಿದ್ದುಪಡಿ ಸೇರಿಸಿದರು. ಏಳು ವರ್ಷ ಮುಗಿದ ಮೇಲೆ ಹಾಡುಗಾರರು ಬಿಟ್ಟು ಹೋಗಬಹುದು, ಆದರೆ ಒಪ್ಪಿಕೊಂಡಷ್ಟು ಆಲ್ಬಂ ಮಾಡಿಕೊಟ್ಟಿಲ್ಲದಿದ್ದರೆ ಧ್ವನಿಮುದ್ರಣ ಕಂಪನಿ ನಷ್ಟ ಪರಿಹಾರ ಕೇಳಬಹುದು. 2008ರಲ್ಲಿ 'ಥರ್ಟಿ ಸೆಕೆಂಡ್ಸ್ ಟು ಮಾರ್ಸ್' ತಂಡ ಈ ಕಾನೂನು ಹಿಡಿದು ಹೊರಟಾಗ ಕಂಪನಿ 30 ಮಿಲಿಯನ್ ಡಾಲರ್ ದಾವೆ ಹಾಕಿತು. ಮರುವರ್ಷ ಇಬ್ಬರೂ ರಾಜಿಯಾಗಿ, ಅದೇ ಕಂಪನಿ ಜೊತೆ ಹೊಸ ಕರಾರಿಗೆ ಸಹಿ ಹಾಕಿದರು. ನಟರಿಗೆ 1944ರಲ್ಲಿ ಅಳಿಸಿ ಹೋದ ಬಾಕಿ, ಹಾಡುಗಾರರ ಲೆಕ್ಕದಲ್ಲಿ ಆಲ್ಬಂಗಳ ರೂಪದಲ್ಲಿ ಇನ್ನೂ ಉಳಿದಿದೆ.